ಬ್ರೇಕ್ ಪೆಡಲ್ ಮತ್ತೆ ಗಟ್ಟಿಯಾಯಿತು

ಕಳೆದ ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿನಲ್ಲಿ ಐದನೇ ಸುತ್ತಿಗೇ ಬ್ರೇಕ್ ಪೆಡಲ್ ಮೆತ್ತಗಾಯಿತು. ಬ್ರೇಕ್ ಪ್ಯಾಡ್ ಚೆನ್ನಾಗಿಯೇ ಇತ್ತು. ಬದಿಯಡ್ಕದ ಮನೆಗೆ ಬಂದು ಕಾರಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ, ಒಳಗೆ ಕಡು ಚಹಾದ ಬಣ್ಣ! ಈ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲವಂತೂ ಗೊತ್ತಲ್ವಾ? ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ. ಒತ್ತಿದಾಗ ಆವಿ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಹಳೆ ಆಯಿಲ್ ತೆಗೆದು ಹೊಸದು ತುಂಬಿಸಲು ಅಡಿಕೆ ಒಣಗಿಸುವ ಅಂಗಳದಲ್ಲಿ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ನನ್ನ ತಮ್ಮ ಡ್ರೈವರ್ ಸೀಟಿನಲ್ಲಿ ಕೂತ, ನಾನು ಚಕ್ರದ ಹತ್ತಿರ.

"ಒತ್ತು."

"ಒತ್ತಿದೆ ಅಣ್ಣಾ."

ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ಸ್ಕ್ರೂ, ಅಂದರೆ ನಿಪ್ಪಲ್, ಕಾಲು ಸುತ್ತು ಸಡಿಲಿಸಿದೆ. ಅದಕ್ಕೆ ಸಿಕ್ಕಿಸಿದ ಪೈಪಿನಲ್ಲಿ ಕಂದು ಆಯಿಲ್ ಬಂತು. ಬಿಗಿ ಮಾಡಿದ ಮೇಲೇ "ಈಗ ಬಿಡು" ಎಂದೆ. ಮೊದಲೇ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ.

ಆದರೂ ಗಾಳಿ ಹೋಯಿತು! ಮೂರನೇ ಚಕ್ರದಲ್ಲಿ ಮಾತಾಡುತ್ತಾ ಡಬ್ಬಿ ನೋಡಲು ಮರೆತೆ. ಅದು ಪೂರ್ತಿ ಖಾಲಿಯಾಗಿ ಅಲ್ಲಿಂದ ಗಾಳಿ ಎಳೆದುಕೊಂಡಿತ್ತು. ಪೆಡಲ್ ಮೊದಲಿಗಿಂತ ಜಾಸ್ತಿ ಸ್ಪಂಜು. ಚೆನ್ನಾಗಿದ್ದ ಪ್ಯಾಡ್ ಮೇಲೆಯೇ ಸುಮ್ನೆ ಅನುಮಾನಪಟ್ಟು ಅರ್ಧ ದಿನ ಕಳೆದೆ. ಮರುದಿನ ಸೀಲ್ ಒಡೆಯದ ಇನ್ನೊಂದು ಡಬ್ಬ ತಂದು ನಾಲ್ಕೂ ಚಕ್ರ ಮತ್ತೆ ಮಾಡಿದೆ. ಈ ಸಲ ಪ್ರತಿ ಹತ್ತು ಒತ್ತಿಗೊಮ್ಮೆ ಆಯಿಲ್ ತುಂಬಿಸಿದೆ. ಪೈಪಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಬಂದವು, ಆಮೇಲೆ ಬರುವುದು ನಿಂತಿತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು.

ಫೆಂಡರಿಗೆ ಬಿದ್ದ ಹನಿಯನ್ನು ತಕ್ಷಣ ನೀರು ಹಾಕಿ ತೊಳೆದೆ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತಿತ್ತು. ಅಂಗಳದ ಕಲೆಗೆ ಅಮ್ಮ ಇನ್ನೂ ಬೈಯುತ್ತಿದ್ದಾರೆ.