ಮಳೆಗಾಲದಲ್ಲಿ ನೀರಿಡದ ಪೆಟ್ಟಿಗೆ: ನಾಟಿ ಮರಿ ಮಾಡಿಸಿದ ನನ್ನ ಅನುಭವ

ಮಲೆನಾಡಿನ ಮಳೆಗಾಲದಲ್ಲಿ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆಗೆ (ಇನ್‌ಕ್ಯುಬೇಟರ್) ಮೊದಲ 18 ದಿನ ಒಂದು ಹನಿ ನೀರನ್ನೂ ಇಡಬೇಕಾಗಿಲ್ಲ ಎಂದು ನಾನು ಮೊದಲ ಸಲ ಹೇಳಿದಾಗ, ಕೋಳಿ ಸಾಕಿ ಪಳಗಿದವರೆಲ್ಲ ನಕ್ಕಿದ್ದರು. ಅವರ ನಗುವಿಗೆ ಕಾರಣವೂ ಇತ್ತು. ಪೆಟ್ಟಿಗೆಯ ಜೊತೆ ಬರುವ ಚೀಟಿಯಲ್ಲಿ, ಮೊಬೈಲ್‌ನಲ್ಲಿ ನೋಡಸಿಗುವ ವಿಡಿಯೋಗಳಲ್ಲಿ, ಒಳಗಿನ ಗಾಳಿ ಒಣಗದಂತೆ ತಟ್ಟೆ ತುಂಬ ನೀರಿಡಿ ಎಂದೇ ಇರುತ್ತದೆ. ಕಳೆದ ಎರಡು ಮಳೆಗಾಲ ನಮ್ಮ ತೀರ್ಥಹಳ್ಳಿ ಕಡೆಯ ಮನೆಯಲ್ಲಿ, ಜೀವವಿದೆ ಎಂದು ಬೆಳಕಿಗೆ ಹಿಡಿದು ಖಚಿತಪಡಿಸಿಕೊಂಡ ಮೊಟ್ಟೆಗಳಲ್ಲಿ ನೂರಕ್ಕೆ 80ರ ಆಸುಪಾಸಿನಲ್ಲಿ ಮರಿ ಎದ್ದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲೇ ಯಾಕೆ ಮರಿ ಮಾಡಿಸಬೇಕು ಎಂದು ಕೇಳುವವರಿದ್ದಾರೆ. ನಮ್ಮ ಹಿರಿಯರು ಹೇಂಟೆಯನ್ನು ಕಾವಿಗೆ ಕೂರಿಸುತ್ತಿದ್ದುದು ಮಳೆ ಹಿಂದಾದ ಮೇಲೆಯೇ. ಆದರೆ ನಾಟಿ ಮರಿ ಒಂದೂಕಾಲು ಕೆ.ಜಿ. ತೂಗುವಷ್ಟು ಬೆಳೆಯಲು ಐದಾರು ತಿಂಗಳು ಬೇಕು. ಹುಂಜಕ್ಕೆ ನಿಜವಾದ ಬೆಲೆ ಬರುವುದು ಜನವರಿಯ ನಂತರ, ಅಡಿಕೆ ಕೊಯ್ಲು ಮುಗಿದು ಭೂತದ ಪೂಜೆ, ಮಾರಿಜಾತ್ರೆ, ಮದುವೆಯ ಮರುದಿನದ ಊಟಗಳು ಸಾಲುಗಟ್ಟುವ ಹೊತ್ತಿಗೆ. ಆ ಹೊತ್ತಿಗೆ ಕೋಳಿ ಕೈಗೆ ಬರಬೇಕಾದರೆ ಮರಿ ಜುಲೈ, ಆಗಸ್ಟ್‌ನಲ್ಲಿ ಹೊರಬಂದಿರಬೇಕು. ಎಲ್ಲರ ಗೂಡಿನಲ್ಲೂ ಕೋಳಿ ಇರುವಾಗ ಮಾರುವುದಕ್ಕೂ ಯಾರಲ್ಲೂ ಇಲ್ಲದಾಗ ಮಾರುವುದಕ್ಕೂ ಕೆ.ಜಿ.ಗೆ ನೂರರಿಂದ ನೂರೈವತ್ತು ರೂಪಾಯಿಯ ವ್ಯತ್ಯಾಸವಿದೆ.

ಕೊರೊನಾ ಕಾಲದಲ್ಲಿ ಸುಮಾರು 6,000 ರೂಪಾಯಿ ಕೊಟ್ಟು ಐವತ್ತು ಚಿಲ್ಲರೆ ಮೊಟ್ಟೆ ಹಿಡಿಯುವ ಪೆಟ್ಟಿಗೆಯೊಂದನ್ನು ತರಿಸಿದೆ. ಬೇಸಿಗೆಯಲ್ಲಿ ಅದು ಪರವಾಗಿಲ್ಲ ಎನ್ನುವಂತೆ ನಡೆಯಿತು. ಜೂನ್ ಕಳೆಯುತ್ತಿದ್ದಂತೆ ಫಲಿತಾಂಶ ನೂರಕ್ಕೆ 30ಕ್ಕೆ ಕುಸಿಯಿತು. ಏಳನೆಯ ದಿನ ಬೆಳಕಿಗೆ ಹಿಡಿದರೆ ರಕ್ತನಾಳಗಳು ಚೆನ್ನಾಗಿ ಹರಡಿರುತ್ತಿದ್ದವು, ಹದಿನಾಲ್ಕರಂದು ಮರಿ ಅಲುಗಾಡುವುದು ಕಾಣುತ್ತಿತ್ತು, ಇಪ್ಪತ್ತೊಂದರಂದು ಮಾತ್ರ ಸದ್ದೇ ಇಲ್ಲ. ಇಪ್ಪತ್ಮೂರನೆಯ ದಿನ ಒಡೆದು ನೋಡಿದರೆ ಪುಕ್ಕ ತುಂಬಿದ ಪೂರ್ತಿ ಬೆಳೆದ ಮರಿ, ಕುತ್ತಿಗೆ ಊದಿಕೊಂಡು, ಮೈಸುತ್ತ ನೀರು ನೀರಾದ ಲೋಳೆ. ಮರಿ ಮೊದಲ ಉಸಿರು ಎಳೆಯುವುದು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಶದಿಂದ; ಕೊಕ್ಕು ಅದರ ಪೊರೆಯವರೆಗೂ ಮುಟ್ಟಿರುತ್ತಿರಲಿಲ್ಲ. ಆ ಕೋಶವೋ ಹತ್ತನೆಯ ದಿನಕ್ಕೆ ಇರಬೇಕಾದಷ್ಟೇ ಚಿಕ್ಕದು. ಕೇಳಿದವರೆಲ್ಲ ತೇವ ಸಾಲದು, ಇನ್ನೂ ನೀರಿಡಿ ಎಂದರು. ನೀರು ಹೆಚ್ಚಿಸಿ ಮೊಟ್ಟೆ ಇಟ್ಟ ಮುಂದಿನ ಕಂತಿನಲ್ಲಿ ಮರಿ ಇನ್ನೂ ಕಡಿಮೆಯಾಯಿತು.

ಗುಟ್ಟು ಬಿಚ್ಚಿಕೊಂಡದ್ದು ಅಡುಗೆಮನೆಯ ತಕ್ಕಡಿಯಿಂದ. ಮೊಟ್ಟೆ 18 ದಿನಗಳಲ್ಲಿ ತನ್ನ ತೂಕದ ನೂರಕ್ಕೆ ಹನ್ನೆರಡರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು, ಆಗಲೇ ಗಾಳಿಯ ಕೋಶ ಸಾಕಷ್ಟು ಹಿಗ್ಗುತ್ತದೆ. ಒಂದೊಂದನ್ನೇ ತೂಗಿದರೆ ಒಂದು ಗ್ರಾಂ ಅತ್ತಿತ್ತ ಆಗುವುದರಿಂದ ನಾನು ಹತ್ತು ಮೊಟ್ಟೆಯ ಗುಂಪು ಮಾಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ತೂಗಿದೆ. ನಮ್ಮ ನಾಟಿ ಮೊಟ್ಟೆ ಹತ್ತಕ್ಕೆ 430 ಗ್ರಾಂ ಆಸುಪಾಸು ಬರುತ್ತದೆ. 18ನೆಯ ದಿನಕ್ಕೆ 50 ಗ್ರಾಂ ಇಳಿದಿರಬೇಕು. ನನ್ನ ಪೆಟ್ಟಿಗೆಯಲ್ಲಿ ಇಳಿದದ್ದು 30 ಗ್ರಾಂ. ಅಂದರೆ ಮರಿ ಒಣಗಿ ಸತ್ತಿರಲಿಲ್ಲ, ಚಿಪ್ಪಿನೊಳಗೆ ಮುಳುಗಿ ಸತ್ತಿತ್ತು.

ಪೆಟ್ಟಿಗೆಯ ಗಾಳಿಯ ತೇವ ತೋರಿಸುವ ಮೀಟರ್ ನೂರಕ್ಕೆ 55 ಎನ್ನುತ್ತಿದ್ದಾಗ ಇದು ಹೇಗೆ ಸಾಧ್ಯ ಎಂದು ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದಷ್ಟು ನೀರು ಚಿಮುಕಿಸಿ, ಮೀಟರಿನ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಟ್ಟರೆ ಅದು 75 ತೋರಿಸಬೇಕು. ನನ್ನದು 67ರ ಮೇಲೆ ಏರಲಿಲ್ಲ, ಅಂದರೆ ಇರುವ ತೇವಕ್ಕಿಂತ ಕಡಿಮೆ ತೋರಿಸುತ್ತಿತ್ತು. ಇನ್ನೂರು ರೂಪಾಯಿಯ ಆ ಮೀಟರನ್ನು ನಂಬಿ ನಾವೆಲ್ಲ ಮೊಟ್ಟೆ ಇಡುತ್ತಿದ್ದೇವೆ. ಪೆಟ್ಟಿಗೆಯ ಶಾಖದ ಅಂಕಿಯೂ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಅದನ್ನು ಜ್ವರ ನೋಡುವ ಥರ್ಮಾಮೀಟರಿನಿಂದ ಹೊಂದಿಸಿಕೊಂಡೆ. ಮರಿಗಳು ಒಂದು ದಿನ ತಡವಾಗಿ ಏಳುತ್ತಿದ್ದುದಕ್ಕೆ ಕಾರಣ ಅದೇ ಆಗಿತ್ತು.

ಆಗುಂಬೆಯ ಮಗ್ಗುಲಲ್ಲಿರುವ ನಮ್ಮಲ್ಲಿ ಜುಲೈ ತಿಂಗಳಲ್ಲಿ ಗೋಡೆಯೂ ಬೆವರುತ್ತದೆ. ಹೊರಗೆ 24 ಡಿಗ್ರಿಯಲ್ಲಿ 95ರಷ್ಟು ತೇವವಿರುವ ಗಾಳಿ ಪೆಟ್ಟಿಗೆಯೊಳಗೆ 37.7ಕ್ಕೆ ಕಾದಾಗ ತಾನಾಗಿಯೇ 43ರ ಹತ್ತಿರ ನಿಲ್ಲುತ್ತದೆ, ಮೊಟ್ಟೆಗಳು ಬಿಡುವ ಆವಿ ಸೇರಿದರೆ 50ಕ್ಕೆ ಸಮೀಪ. ಅದರ ಮೇಲೆ ತಟ್ಟೆ ತುಂಬ ನೀರು ಯಾಕೆ ಬೇಕು? ಗಾಳಿಕಿಂಡಿಗಳನ್ನು ಪೂರ್ತಿ ತೆರೆದು, ತಟ್ಟೆಯನ್ನು ತೆಗೆದು ಅಟ್ಟಕ್ಕೆ ಹಾಕಿದೆ. ನಮ್ಮ ಅತ್ತೆಯವರು ಅದನ್ನು ನೋಡಿ, "ಹ್ಯಾಟೆ ಹೊಟ್ಟೆ ಅಡೀಲಿ ಯಾರು ನೀರಿಡ್ತಾರೆ, ಸರಿಯಾಗೇ ಮಾಡಿದೀಯ" ಎಂದರು. ಅನುಮಾನಿಸದೆ ನನ್ನ ಪಕ್ಷ ಹಿಡಿದವರು ಅವರೊಬ್ಬರೇ. ಹದಿನೆಂಟನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿದ ಮೇಲೆ ಮಾತ್ರ ತೇವವನ್ನು 65-70ರ ಮಟ್ಟಕ್ಕೆ ಏರಿಸುತ್ತೇನೆ, ಇಲ್ಲದಿದ್ದರೆ ಪೊರೆ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಏರಿಸುವುದಕ್ಕೂ ನೀರಿನ ತಟ್ಟೆಯಲ್ಲ, ಒದ್ದೆ ಬಟ್ಟೆಯನ್ನು ಬಳಸುತ್ತೇನೆ. ಬಟ್ಟೆಯ ಅಳತೆ, ಅದನ್ನು ನೇತುಹಾಕುವ ಜಾಗ, ಇಡುವ ಹೊತ್ತು ಇವುಗಳನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿದಿದೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಬಯಲುಸೀಮೆಯವರು ಏಪ್ರಿಲ್‌ನಲ್ಲಿ ಇದನ್ನು ಅನುಸರಿಸಬಾರದು. ಅಲ್ಲಿಯ ಒಣಗಾಳಿ ಕಾದರೆ ತೇವ 20ಕ್ಕೆ ಇಳಿದು ಮೊಟ್ಟೆಯೊಳಗಿನದೆಲ್ಲ ಒಣಗಿ ಹೋಗುತ್ತದೆ. ಅಂಕಿಯನ್ನಲ್ಲ, ತೂಕವನ್ನು ನೋಡಿ ಎಂದಷ್ಟೇ ಹೇಳಬಲ್ಲೆ.

ಕರೆಂಟಿನ ವಿಷಯಕ್ಕೆ ಬಂದರೆ, ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕತ್ತಲೆಯಾಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಮೊದಲು ಬಿಸಿನೀರಿನ ಬಾಟಲಿಗಳನ್ನು ಇಟ್ಟು ರಾತ್ರಿಯಿಡೀ ಎದ್ದೆದ್ದು ಬದಲಿಸಿದ್ದುಂಟು. ಒಮ್ಮೆ ಹತ್ತನೆಯ ದಿನದ ಸುಮಾರಿಗೆ ಪೆಟ್ಟಿಗೆ ಐದಾರು ಗಂಟೆ 28 ಡಿಗ್ರಿಗೆ ಇಳಿದಿತ್ತು, ಆದರೂ ಮುಕ್ಕಾಲು ಪಾಲು ಮರಿ ಬಂದವು. ತಣಿಯುವುದಕ್ಕಿಂತ ಕಾಯುವುದೇ ಅಪಾಯ. 40 ಡಿಗ್ರಿ ದಾಟಿ ಸ್ವಲ್ಪ ಹೊತ್ತು ನಿಂತರೂ ಆ ಕಂತನ್ನು ಮರೆಯಬೇಕು. ಈಗ 100 ಆಂಪಿಯರ್-ಅವರ್‌ನ ಹಳೆಯ ಇನ್ವರ್ಟರ್ ಬ್ಯಾಟರಿಗೆ ವಾಹನದ 12 ವೋಲ್ಟ್ ಬಲ್ಬುಗಳನ್ನು ಜೋಡಿಸಿದ್ದೇನೆ. ಅದು ಒಂದು ಹಗಲು ಒಂದು ರಾತ್ರಿಗೆ ಸಾಕಾಗುತ್ತದೆ. ಈ ವ್ಯವಸ್ಥೆಗೆ ಬ್ಯಾಟರಿ ಬಿಟ್ಟು 1,500 ರೂಪಾಯಿ ಹಿಡಿದಿರಬಹುದು. ಒಂದು ಕಂತಿಗೆ ಹತ್ತು ಹನ್ನೆರಡು ಯೂನಿಟ್ ಕರೆಂಟ್ ಬೇಕು, ಗೃಹಜ್ಯೋತಿಯ ಮಿತಿ ದಾಟದಂತೆ ನೋಡಿಕೊಂಡರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮರಿ ಎದ್ದ ಮೇಲಿನ ಕಥೆ ಇನ್ನೂ ಕಷ್ಟದ್ದು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಬಲ್ಬಿನಡಿ ಬೆಳೆಸುವ ಕ್ರಮ ಮಳೆಗಾಲಕ್ಕೆ ಒಗ್ಗುವುದಿಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಎರಡೇ ದಿನದಲ್ಲಿ ಮುದ್ದೆಗಟ್ಟುತ್ತದೆ, ಮೂರನೆಯ ವಾರಕ್ಕೆ ರಕ್ತಭೇದಿ ಬರುತ್ತದೆ, ಔಷಧಿ ಹಾಕುವಷ್ಟರಲ್ಲಿ ಹತ್ತು ಹದಿನೈದು ಮರಿ ಮಣ್ಣಾಗಿರುತ್ತವೆ. ಇದಕ್ಕೆ ನಾನು ಹಿಡಿದ ದಾರಿಯನ್ನೂ ಯಾರೂ ಒಪ್ಪಿರಲಿಲ್ಲ. ಮೊಟ್ಟೆಯನ್ನು ಪೆಟ್ಟಿಗೆಗೆ ಇಟ್ಟ ವಾರದಲ್ಲೇ ಕಾವಿಗೆ ಬಂದ ಎರಡು ನಾಟಿ ಹೇಂಟೆಗಳನ್ನು ಗೊಡ್ಡು ಮೊಟ್ಟೆಗಳ ಮೇಲೆ ಬುಟ್ಟಿಯಲ್ಲಿ ಕೂರಿಸಿ, ಪೆಟ್ಟಿಗೆಯ ಮರಿಗಳು ಒಣಗಿದ ದಿನ ರಾತ್ರಿ ಕತ್ತಲಲ್ಲಿ ಗೊಡ್ಡು ಮೊಟ್ಟೆ ತೆಗೆದು ಮರಿಗಳನ್ನು ಹೊಟ್ಟೆಯಡಿಗೆ ನೂಕುತ್ತೇನೆ. ಬೇರೆ ಮರಿಯನ್ನು ಹೇಂಟೆ ಕುಕ್ಕಿ ಸಾಯಿಸುತ್ತದೆ ಎಂದು ಹೆದರಿಸಿದವರು ಹಲವರು. ಹೇಂಟೆ ಕನಿಷ್ಠ ಹತ್ತು ಹನ್ನೆರಡು ದಿನ ಕೂತಿರಬೇಕು, ಮರಿಗೆ ಎರಡು ದಿನ ಮೀರಿರಬಾರದು, ಕೈದೀಪ ಹಿಡಿಯಬಾರದು. ಇಷ್ಟಿದ್ದರೆ ಬೆಳಗ್ಗೆ ಎದ್ದು ಎಲ್ಲವನ್ನೂ ತನ್ನವೇ ಎಂದು ಕರೆದುಕೊಂಡು ಹೊರಡುತ್ತದೆ. ದೊಡ್ಡ ಮೈಯ ಹೇಂಟೆಗೆ ಹದಿನೆಂಟು ಇಪ್ಪತ್ತು ಮರಿಗಳನ್ನು ಒಪ್ಪಿಸಬಹುದು. ಮರಿಗಳ ಬಣ್ಣದ ವಿಚಾರದಲ್ಲಿ ಇನ್ನೊಂದು ಉಪಾಯವಿದೆ; ಅದು ನಮ್ಮ ಮನೆಯಲ್ಲೇ ಇರಲಿ.

ಹೀಗೆ ಬೆಳೆದ ಮರಿಗಳಲ್ಲಿ ರಕ್ತಭೇದಿ ಇಲ್ಲವೆಂದೇ ಹೇಳಬೇಕು. ಒಂದೇ ಕಡೆ ಗುಂಪಾಗಿ ಹಿಕ್ಕೆಯ ಮೇಲೆ ನಿಲ್ಲದಿರುವುದು ಅದಕ್ಕೆ ಕಾರಣ. ಕೋಳಿಗಳಲ್ಲಿ ಬೇಗ ಹರಡಿ ಕೊಲ್ಲುವ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮಾತ್ರ ಲಸಿಕೆ ಬಿಟ್ಟು ದಾರಿಯಿಲ್ಲ. ಐದರಿಂದ ಏಳನೆಯ ದಿನದೊಳಗೆ ಲಸೋಟ ಎಂಬ ಲಸಿಕೆಯನ್ನು ಕಣ್ಣಿಗೆ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ರೆಕ್ಕೆಯಡಿ ಆರ್‌2ಬಿ ಎಂಬ ಲಸಿಕೆಯ ಚುಚ್ಚುಮದ್ದು. ಚಿಕ್ಕ ಸೀಸೆಯೆಂದರೂ ನೂರು ಮರಿಗೆ ಸಾಕಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಒಂದೇ ವಾರ ಮರಿ ಎಬ್ಬಿಸುವಂತೆ ಹೊಂದಿಸಿಕೊಂಡು ಖರ್ಚನ್ನು ಹಂಚಿಕೊಳ್ಳುತ್ತೇವೆ. ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಫ್ರಿಜ್ ಆರಿದ್ದರೂ ಸೀಸೆ ಕೊಟ್ಟರು, ತಂಪಿಲ್ಲದೆ ಲಸಿಕೆ ಕೆಟ್ಟಿತ್ತು. ಆ ವರ್ಷ ಅದನ್ನು ಹಾಕಿಸಿದ ಮರಿಗಳು ಆರು ವಾರದ ಹೊತ್ತಿಗೆ ಹಸಿರು ಹಿಕ್ಕೆ ಹಾಕಿ, ಕುತ್ತಿಗೆ ತಿರುಚಿಕೊಂಡು, ಒಂದು ವಾರದಲ್ಲಿ ಮೂರರಲ್ಲಿ ಎರಡು ಪಾಲು ಹೋದವು. ಏಳೆಂಟು ಸಾವಿರ ರೂಪಾಯಿಯ ನಷ್ಟ. ಈಗ ಐಸ್ ತುಂಬಿದ ಫ್ಲಾಸ್ಕ್ ಹಿಡಿದೇ ಹೋಗುತ್ತೇನೆ, ಸೀಸೆ ಕೈಗೆ ತಣ್ಣಗೆ ತಾಗದಿದ್ದರೆ ಹಿಂದಿರುಗಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ತಳಿಯ ಮೊಟ್ಟೆಗಳನ್ನು ಇಟ್ಟು ನೋಡಿದೆ. ಮರಿ ಚೆನ್ನಾಗಿ ಎದ್ದು ಬೇಗ ತೂಕ ಬಂದವು, ಆದರೆ ಗಿಡುಗ ಬಂದಾಗ ಓಡುವ ಚುರುಕು ಅವುಗಳಿಗಿರಲಿಲ್ಲ, ಹೇಂಟೆಗಳು ಕಾವಿಗೂ ಕೂರಲಿಲ್ಲ. ಕಡಕ್‌ನಾಥ್ ಎಂಬ ಕಪ್ಪು ಕೋಳಿಯ ಮೊಟ್ಟೆಯನ್ನು 50 ರೂಪಾಯಿಗೊಂದರಂತೆ ದೂರದಿಂದ ಪಾರ್ಸೆಲ್ ತರಿಸಿದ್ದೆ. ಕುಲುಕಿ ಗಾಳಿಕೋಶ ಸಡಿಲವಾಗಿ ಅರ್ಧಕ್ಕರ್ಧ ಕೈಕೊಟ್ಟವು. ಗೆದ್ದಲು ಹಿಡಿಯುವುದು ಮಾತ್ರ ಫಲ ಕೊಟ್ಟಿತು. ಮಡಕೆಗೆ ಒಣ ಹುಲ್ಲು, ಸಗಣಿ ತುರುಕಿ ನೀರು ಚಿಮುಕಿಸಿ, ಹುತ್ತದ ಬಾಯಿಗೆ ಸಂಜೆ ಕವುಚಿಟ್ಟರೆ ಬೆಳಗ್ಗೆ ಮರಿಗಳು ಮುಗಿಬಿದ್ದು ತಿನ್ನುವಷ್ಟು ಹುಳು ಸಿಗುತ್ತದೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮಾತ್ರ ಇದು ಸಾಧ್ಯ. ಅದರಿಂದ ಮರಿಯ ಮೇವಿನ ಚೀಲ ಹತ್ತು ದಿನ ಹೆಚ್ಚು ಬರುತ್ತದೆ, ಈಗಿನ ಬೆಲೆಯಲ್ಲಿ ಅದು ಚಿಕ್ಕ ಉಳಿತಾಯವಲ್ಲ.

ಮುಂಗುಸಿ, ಕಾಡುಬೆಕ್ಕು, ಕೆಂಬೂತಗಳ ಪಾಲು ಪ್ರತಿ ವರ್ಷ ಇದ್ದೇ ಇದೆ. ಬಲೆ ಎಷ್ಟೇ ಬಿಗಿದರೂ ನೂರಕ್ಕೆ ಹತ್ತನ್ನು ಅವುಗಳ ಲೆಕ್ಕಕ್ಕೆ ಬರೆದಿಡುತ್ತೇನೆ. ಅವುಗಳ ಪಾಲು ಬಿಟ್ಟು, ಕಳೆದ ಮಳೆಗಾಲದ ಮರಿಗಳಲ್ಲಿ ಅರವತ್ತರ ಹತ್ತಿರ ಮಾರಾಟಕ್ಕೆ ಬಂದವು. ಹುಂಜ ಜೀವತೂಕದಲ್ಲಿ ಕೆ.ಜಿ.ಗೆ 500ರವರೆಗೆ ಹೋಯಿತು, ಹೇಂಟೆ ಸ್ವಲ್ಪ ಕಡಿಮೆ. ಮೇವು, ಲಸಿಕೆ, ಬಲೆ ಎಲ್ಲ ಕಳೆದು 20,000ಕ್ಕೆ ಮೇಲೆ ಕೈಯಲ್ಲಿ ಉಳಿಯಿತು. ಕೂಲಿ ಹಿಡಿಯಲಿಲ್ಲ ಎಂದು ನಮ್ಮ ಮನೆಯವರು ತಕರಾರು ತೆಗೆಯುತ್ತಾರೆ, ಅವರ ಮಾತೂ ಸರಿಯೇ.

ಅಂದು ನಕ್ಕವರಲ್ಲಿ ಮೂವರು ಈಗ ನಮ್ಮಲ್ಲಿಗೇ ಮೊಟ್ಟೆ ತಂದು ಇಡಿಸುತ್ತಾರೆ. ಮೊಟ್ಟೆಗೆ 10 ರೂಪಾಯಿ, ಮರಿ ಬಂದರೂ ಬಾರದಿದ್ದರೂ. ಆದರೆ ವಾರಕ್ಕಿಂತ ಹಳೆಯ ಮೊಟ್ಟೆ, ತೊಳೆದ ಮೊಟ್ಟೆ, ಫ್ರಿಜ್‌ನಲ್ಲಿಟ್ಟ ಮೊಟ್ಟೆ ತೆಗೆದುಕೊಳ್ಳುವುದಿಲ್ಲ. ಹತ್ತು ಹೇಂಟೆಗೆ ಒಂದಾದರೂ ಗಟ್ಟಿ ಹುಂಜವಿಲ್ಲದ ಮನೆಯ ಮೊಟ್ಟೆಯನ್ನೂ ಅಷ್ಟೇ. ಏಳನೆಯ ದಿನ ಗೊಡ್ಡು ಎಂದು ತೆಗೆದದ್ದನ್ನು ಹಿಂದಕ್ಕೆ ಕೊಡುತ್ತೇನೆ, ಹಣವನ್ನಲ್ಲ.