ಲಿಸ್ಬನ್ನಿನ ಗುಡ್ಡಗಳನ್ನು ಇಳಿಯುತ್ತಲೇ ನೋಡಿದ್ದು

ಹಗಲಿಗೊಂದೇ ಕೇರಿ, ಅದೂ ಮೇಲಿನಿಂದ ಕೆಳಕ್ಕೆ ಮಾತ್ರ ಎಂಬ ನನ್ನ ಕ್ರಮವನ್ನು ಕೇಳಿ, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಂಥ ಎರಡು ದಿನದ ಊರಿಗೆ ಆರು ದಿನವೇಕೆ ಎಂದು ಗೆಳೆಯರು ನಕ್ಕಿದ್ದರು. ನಗಲು ಅವರಿಗೆ ಕಾರಣವೂ ಇತ್ತು. ಮೊದಲ ಭೇಟಿಯಲ್ಲಿ ತೆರೆದ ಛಾವಣಿಯ ಪ್ರವಾಸಿ ಬಸ್ಸಿಗೆ ಸುಮಾರು 25 ಯೂರೊ ಕೊಟ್ಟ ಮೇಲೆ, ಅದು ಹಳೆಯ ಕೇರಿಯಾದ ಆಲ್ಫಾಮದ ಓಣಿಗಳಿಗೆ ನುಗ್ಗಲಾರದೆಂಬುದು ತಿಳಿಯಿತು. ಮಾರ್ತಿಂ ಮೊನೀಜ್ ಚೌಕದಲ್ಲಿ, ಹಳೆಯ ಕೇರಿಗಳನ್ನು ಹಾದುಹೋಗುವ 28ನೇ ಟ್ರಾಮಿಗಾಗಿ ಒಂದು ಗಂಟೆಗೂ ಹೆಚ್ಚು ಕಾಲ ಸಾಲಿನಲ್ಲಿ ನಿಂತು ಹತ್ತಿದರೆ, ಕಂಡದ್ದು ಮುಂದಿನವರ ಬೆನ್ನು ಮಾತ್ರ. ಸಂಜೆಯ ತುಂತುರಿನಲ್ಲಿ ಸವೆದ ಸುಣ್ಣಕಲ್ಲಿನ ಹಾಸಿನ ಮೇಲೆ ಜಾರಿ ಮಂಡಿ ತರಚಿಕೊಂಡೆ. ಹಿಡಿತದ ಅಡಿಯಿರುವ ಬೂಟಿಗೆ ಮತ್ತೆ 60 ಯೂರೊ ಹೋಯಿತು.

ಎರಡನೆಯ ಸಲ ದಿನವೂ ಸುಮಾರು 7 ಯೂರೊಗಳ 24 ಗಂಟೆಯ ಟಿಕೆಟ್ ಪಡೆದು, ಬಸ್ಸಿನಲ್ಲಿ ಗುಡ್ಡದ ಕೇರಿಯಾದ ಗ್ರಾಸದ ನೆತ್ತಿಗೆ ಹೋಗಿ, ಊರನ್ನು ನೋಡಲೆಂದಿರುವ ಸೆನ್ಯೋರಾ ದೊ ಮೊಂತೆಯ ಕಟ್ಟೆಯಿಂದ ಕೋಟೆಯನ್ನೂ ತೇಜೊ ನದಿಯನ್ನೂ ಗುರುತು ಹಿಡಿದುಕೊಂಡು ಇಳಿಯತೊಡಗಿದೆ. 1147ರಲ್ಲಿ ಊರು ಕ್ರೈಸ್ತ ಅರಸನ ವಶವಾದ ಮೇಲೆ ಅಲ್ಲಿದ್ದ ಮುಸ್ಲಿಮರಾದ ‘ಮೂರ್’ ಜನರಿಗೆ ಬಿಟ್ಟುಕೊಟ್ಟ ಮೋರಾರಿಯ ಕೇರಿಯಲ್ಲಿ ಇಂದು ಬಾಂಗ್ಲಾದೇಶದವರ ಅಂಗಡಿಗಳಿವೆ. ತೊಗರಿಬೇಳೆ ಅಲ್ಲಿಯೇ ಸಿಕ್ಕಿತು. ಆಲ್ಫಾಮದಲ್ಲಿ ಫೋನಿನ ನಕ್ಷೆ ಎರಡು ಬಾರಿ ಗೋಡೆಯೆದುರು ನಿಲ್ಲಿಸಿದ್ದರಿಂದ ಅದನ್ನು ಜೇಬಿಗಿಳಿಸಿದೆ, ಏಕೆಂದರೆ ಇಳಿಜಾರನ್ನೇ ನಂಬಿದರೆ ಕೊನೆಗೆ ನದಿಯ ದಂಡೆಯೇ ಸಿಗುತ್ತದೆ. 1755ರ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದ ಈ ಸಿಕ್ಕುಸಿಕ್ಕು ಓಣಿಗಳಿಂದ, ನಡುಕ, ಬೆಂಕಿ, ಸಮುದ್ರದ ಅಲೆ ಮೂರಕ್ಕೂ ತುತ್ತಾಗಿ ಮಂತ್ರಿ ಪೊಂಬಾಲನ ಕಾಲದಲ್ಲಿ ಮತ್ತೆ ಕಟ್ಟಿದ ತಗ್ಗಿನ ಕೇರಿ ಬೈಷಕ್ಕೆ ನಡೆದು ಬಂದಾಗ, ಬೀದಿಗಳು ಒಮ್ಮೆಲೇ ಗೆರೆ ಎಳೆದಂತೆ ನೆಟ್ಟಗಾಗುವುದು ಕಾಲಿಗೇ ತಿಳಿಯುತ್ತದೆ.

ಪರೀಕ್ಷೆಗೆಂದು ಒಂದು ದಿನ ನದಿಯ ದಂಡೆಯಿಂದ ಗ್ರಾಸಕ್ಕೆ ಹತ್ತಿದೆ. ಮುಕ್ಕಾಲು ಗಂಟೆಯ ಏದುಸಿರಿನ ಫಲವಾಗಿ ಮಧ್ಯಾಹ್ನವಿಡೀ ನಿದ್ರೆಗೆ ಹೋಯಿತು. ಇನ್ನೊಂದು ದಿನ ಅದೇ 28ನೇ ಟ್ರಾಮನ್ನು ಅದರ ದಾರಿಯ ಇನ್ನೊಂದು ಕೊನೆಯಾದ ಪ್ರಜೇರಿಸ್‌ನಲ್ಲಿ ಎಂಟು ಗಂಟೆಗೆ ಮುನ್ನ ಹತ್ತಿದಾಗ ಕಿಟಕಿಯ ಸೀಟೇ ದೊರೆಯಿತು. ಗ್ರಾಸದಿಂದ ಆಲ್ಫಾಮಕ್ಕೆ ಇಳಿಯುವ, ನೀಲಿ ಹೆಂಚಿನ ಗೋಡೆಯ ಪಕ್ಕದ ನಿರ್ಜನ ಮೆಟ್ಟಿಲು ಯಾವುದೆಂದು ಮಾತ್ರ ನಾನು ಹೇಳುವುದಿಲ್ಲ.

ಮೊದಲ ಸಲ ಮೂರು ದಿನಕ್ಕೆ ಓಡಾಟಕ್ಕೂ ಬೂಟಿಗೂ ಸೇರಿ 110 ಯೂರೊ ಆಗಿತ್ತು. ಈ ಬಾರಿ ಆರು ದಿನದ ಓಡಾಟ 45ರ ಆಸುಪಾಸಿನಲ್ಲಿ ಮುಗಿಯಿತು. ರಾತ್ರಿಯ ಬಾರುಗಳ ಕೇರಿಯಾದ ಬೈರೊ ಆಲ್ತೊದಲ್ಲಿ ಮಾತ್ರ ಕ್ರಮ ಸೋತಿತು: ಬೆಳಿಗ್ಗೆ ಅಲ್ಲಿ ಮುಚ್ಚಿದ ಬಾಗಿಲುಗಳನ್ನಷ್ಟೇ ಕಂಡು, ರಾತ್ರಿ ಒಂಬತ್ತರ ನಂತರ ಮತ್ತೆ ಹೋಗಬೇಕಾಯಿತು.