ಗಿರಣಿಯ ಬೆಲ್ಟ್ ಮತ್ತು ಕಂದು ಕೊಬ್ಬು

ಹುಬ್ಬಳ್ಳಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೈ ಬಿಸಿ ಮಾಡುವ ಕಂದು ಕೊಬ್ಬಿನ ಪಾಠ ಮೊದಲ ಸಲ ಪೂರ್ತಿ ಕೆಟ್ಟಿತು. ಬೋರ್ಡ್ ತುಂಬ ಪ್ರೋಟಾನ್, ಎಟಿಪಿ ಅಂತ ಬರೆದೆ. ಮಕ್ಕಳು ಸುಮ್ನೆ ಬರೆದುಕೊಂಡರು.

ಮುಂದಿನ ವರ್ಷ ಸ್ಲೈಡಿನಿಂದ ಶುರು ಮಾಡಿದೆ. ಬಿಳಿ ಕೊಬ್ಬನ್ನು ನೋಡಿದ ಹುಡುಗನೊಬ್ಬ, "ಇದರಾಗ ಏನೂ ಇಲ್ರೀ ಸರ, ಬರೇ ಖಾಲಿ ಉಂಗುರ ಅದಾವ" ಅಂದ. ಸರಿಯಾಗೇ ಹೇಳಿದ್ದ. ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್, ಕ್ಸೈಲೀನ್‌ನಲ್ಲಿ ಕೊಬ್ಬು ಕರಗಿ ಹೋಗುತ್ತದೆ. ಉಳಿಯುವುದು ಅದು ಇದ್ದ ಜಾಗ. ಇಡೀ ಕೋಶಕ್ಕೆ ಒಂದೇ ದೊಡ್ಡ ಹನಿ, ಕೋಶಕೇಂದ್ರ ಉಂಗುರದ ಹರಳಿನ ಹಾಗೆ ಅಂಚಿಗೆ ಒತ್ತಿಕೊಂಡಿರುತ್ತದೆ. ಇದು ಕಣಜ. ಕಂದು ಕೊಬ್ಬು ಸ್ಪಂಜಿನ ಹಾಗೆ ಕಾಣುತ್ತದೆ. ಸಣ್ಣ ಸಣ್ಣ ಹನಿಗಳು, ನಡುವೆ ಕಿಕ್ಕಿರಿದ ಮೈಟೊಕಾಂಡ್ರಿಯಾ, ಅಂದರೆ ಆಹಾರ ಉರಿಸಿ ಶಕ್ತಿ ಕೊಡುವ ಕೋಶದ ಭಾಗಗಳು. ಅವುಗಳ ಕಬ್ಬಿಣದಿಂದಲೇ ಆ ಕಂದು ಬಣ್ಣ.

ಆದರೆ ಬಿಸಿ ಹುಟ್ಟುವುದು ಹೇಗೆ? ಇದಕ್ಕೆ ಹೋಲಿಕೆ ಸಿಕ್ಕಿದ್ದು ಜೋಳ ಹಾಕಿಸಲು ಹೋದ ಗಿರಣಿಯಲ್ಲಿ. ಮೋಟಾರ್ ತಿರುಗುತ್ತಿತ್ತು, ಹಿಟ್ಟು ಬೀಳುತ್ತಿರಲಿಲ್ಲ. ಬೆಲ್ಟ್ ಜಾರುತ್ತಿತ್ತು, ಸುಟ್ಟ ರಬ್ಬರ್ ವಾಸನೆ. "ಕೈ ಹಚ್ಚಬ್ಯಾಡ್ರೀ, ಕೆಂಡ ಆಗೇತಿ" ಅಂದ ಗಿರಣಿಯವನು.

ಮರುದಿನ ಕ್ಲಾಸಿನಲ್ಲಿ ಇದನ್ನೇ ಹೇಳಿದೆ. ಮಾಮೂಲಿ ಕೋಶದಲ್ಲಿ ಆಹಾರ ಉರಿದ ಶಕ್ತಿ ಪ್ರೋಟಾನ್‌ಗಳನ್ನು ಮೈಟೊಕಾಂಡ್ರಿಯಾದ ಒಳಪೊರೆಯ ಆಚೆ ತಳ್ಳುತ್ತದೆ. ಅವು ಒಂದು ಯಂತ್ರ ತಿರುಗಿಸುತ್ತಾ ವಾಪಸ್ ಬಂದರೆ ಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ನಾಣ್ಯ, ಎಟಿಪಿ, ಸಿಗುತ್ತದೆ. ಅದೇ ಹಿಟ್ಟು. ಕಂದು ಕೋಶದಲ್ಲಿ ಯುಸಿಪಿ-1 ಅನ್ನೋ ಪ್ರೋಟೀನ್ ಕಳ್ಳದಾರಿ ತೆರೆಯುತ್ತದೆ. ಪ್ರೋಟಾನ್‌ಗಳು ಯಂತ್ರ ಮುಟ್ಟದೆ ನುಸುಳುತ್ತವೆ, ಶಕ್ತಿಯೆಲ್ಲ ಬಿಸಿಯಾಗುತ್ತದೆ. ಗಿರಣಿಯಲ್ಲಿ ಇದು ರಿಪೇರಿಗೆ ಬಂದ ಲಕ್ಷಣ, ಇಲ್ಲಿ ಇದೇ ಕಸುಬು. ಚಳಿಯಾದಾಗ ನರಗಳ ತುದಿಯಿಂದ ಬರುವ ನಾರ್‌ಅಡ್ರಿನಲಿನ್ ಇದಕ್ಕೆ ಸ್ವಿಚ್.

"ನಮ್ಮಕ್ಕನ ಕೂಸು ಥಂಡ್ಯಾಗೂ ನಡಗೂದಿಲ್ಲ, ಇದಕ್ಕೇನ್ರೀ?" ಅಂತ ಹುಡುಗಿಯೊಬ್ಬಳು ಕೇಳಿದಳು. ಇಡೀ ವರ್ಷದ ಒಳ್ಳೆ ಪ್ರಶ್ನೆ! ನಡುಗಿ ಮೈ ಬಿಸಿ ಮಾಡಿಕೊಳ್ಳುವುದು ಹಸುಗೂಸಿಗೆ ಆಗುವುದಿಲ್ಲ ಅನ್ನುವಷ್ಟು ಕಡಿಮೆ. ಬೆನ್ನಿನ ಮೇಲೆ ಎರಡು ಹೆಗಲಮೂಳೆಗಳ ನಡುವೆ, ಕುತ್ತಿಗೆಯ ಸುತ್ತ ಇರುವ ಕಂದು ಕೊಬ್ಬೇ ಅದರ ಒಲೆ. ದೊಡ್ಡವರಲ್ಲೂ ಇದು ಕೆಲಸ ಮಾಡುತ್ತದೆ ಅಂತ ಮೈಯೊಳಗಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್‌ಗಳಿಂದ ಖಚಿತವಾಗಿದ್ದು 2009ರಲ್ಲಿ.

ಬೇಜ್ ಕೋಶಗಳ ಹತ್ತಿರ ನನ್ನ ಹೋಲಿಕೆ ಸ್ವಲ್ಪ ಕುಂಟಿತು. ಇವು ಬಿಳಿ ಕೊಬ್ಬಿನ ನಡುವೆ ಇರುತ್ತವೆ, ಚಳಿಗೆ ಯುಸಿಪಿ-1 ತಯಾರಿಸುತ್ತವೆ. ಆದರೆ ಅದಿಲ್ಲದೆಯೂ ಕ್ಯಾಲ್ಸಿಯಂ ಅನ್ನು ಸುಮ್ಮಸುಮ್ಮನೆ ಪಂಪ್ ಮಾಡುತ್ತಾ ಎಟಿಪಿ ಖರ್ಚು ಮಾಡಿ ಬಿಸಿ ಹುಟ್ಟಿಸುವುದು ಇಲಿಗಳಲ್ಲಿ ಕಂಡಿದೆ. ಅಂದರೆ ಬೆಲ್ಟ್ ಸರಿಯಾಗೇ ಇದೆ. ಬೀಸಿದ ಹಿಟ್ಟನ್ನು ಚೆಲ್ಲಿದ ಹಾಗೆ.

"ಹಂಗ ಚೆಲ್ಲಿದ್ರ ನಮ್ಮವ್ವ ಬಿಡೂದಿಲ್ರೀ ಸರ" ಅಂದ ಅದೇ ಉಂಗುರದ ಹುಡುಗ.